ನಾಲ್ಕು ಪ್ರಶ್ನೆಯ ಕೂಲಿ

ಬ್ಯಾರಿಸ್ಟರಮ್ಮನ ಆಫೀಸಿನ ಹೊರಕೋಣೆಯಲ್ಲಿ ಗುಮಾಸ್ತನ ಮೇಜಿನ ಗಾಜಿನ ಕೆಳಗೆ ಒಂದು ಪಟ್ಟಿ ಇತ್ತು. ಪೂರ್ತಿ ಕೇಸಿಗೆ ಇಷ್ಟು ಅಂತ ಒಂದೇ ಗಂಟು. ಅದು ಭಾರವಾದರೆ ದಿನದ ಲೆಕ್ಕ, ಅದೂ ಆಗದಿದ್ದರೆ ಗಂಟೆಯ ಲೆಕ್ಕ. ಕಾಗದ ಬರೆದುಕೊಡುವುದಕ್ಕೆ ಮಾತ್ರ ಬೇರೆ ದರ. ತಿಂಗಳ ಕಂತು. ಎಲ್ಲಕ್ಕಿಂತ ಕೆಳಗೆ, ಪರಿಹಾರ ಕೈಗೆ ಬಂದ ಮೇಲೆ ಕೊಡುವುದು. ದೊಡ್ಡವನು ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಓದು ಬರುತ್ತಿತ್ತು, ಆದರೆ ಪಕ್ಕದಲ್ಲಿ ಯಾರಾದರೂ ನೋಡುತ್ತಿದ್ದರೆ ಅಕ್ಷರಗಳು ಅವನ ಹತ್ತಿರ ಸುಳಿಯುತ್ತಿರಲಿಲ್ಲ.

"ನಿಧಾನಕ್ಕೆ ನೋಡಿ," ಅಂದ ಗುಮಾಸ್ತ. ತಲೆ ಪೂರ್ತಿ ನೆರೆತ ಮನುಷ್ಯ. "ಹೋಟೆಲ್ ಪಟ್ಟಿ ಇದ್ದ ಹಾಗೆ ಇದು. ಪೂರ್ತಿ ಊಟ ಬೇಕಾದ್ರೆ ಊಟ, ಬರೀ ಟೀ ಸಾಕು ಅಂದ್ರೆ ಟೀ."

"ಟೀ ಕುಡಿಯೋಕೆ ಬಂದಿಲ್ಲ ನಾನು. ನನ್ನ ತಮ್ಮ ಸತ್ತಿದ್ದಾನೆ."

ಗುಮಾಸ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ತಪ್ಪಾಯ್ತಪ್ಪ. ಮೂವತ್ತು ವರ್ಷದಿಂದ ಇದೇ ಒಂದು ಜೋಕು ಇಟ್ಕೊಂಡಿದ್ದೀನಿ, ಬಂದವರ ಮುಖ ನೋಡೋ ಮುಂಚೆ ಬಾಯಿಗೆ ಬಂದ್ಬಿಡುತ್ತೆ."

ದೊಡ್ಡವನು ಗೇಟು, ಗ್ರಿಲ್ಲು ಮಾಡುವ ವೆಲ್ಡರ್. ಶೆಡ್ಡಿನಲ್ಲಿ ಅವನ ಹೆಸರು ಪಟಾಕಿ. ಯಾರು ಯಾವಾಗ ಕಡ್ಡಿ ಗೀರಿದರು ಅಂತ ಗೊತ್ತಾಗುವ ಮೊದಲೇ ಸಿಡಿದಿರುತ್ತಿದ್ದ. ಆದರೆ ಕೆಲಸದಲ್ಲಿ ಅವನ ಮೇಲೆ ಯಾರೂ ಒಂದು ಮಾತು ಆಡುವ ಹಾಗಿರಲಿಲ್ಲ. ಒಂದು ಅಡಿ ಗ್ರಿಲ್ಲಿಗೆ ಇಷ್ಟು ಅಂದರೆ ಇಷ್ಟೇ. ಹೆಚ್ಚಿಗೆ ಒಂದು ಕಾಸು ಕೇಳುವವನಲ್ಲ, ಒಂದು ಬೆಸುಗೆ ಬಿಟ್ಟಿಯಾಗಿ ಹಾಕಿಕೊಡುವವನೂ ಅಲ್ಲ, ಬಿಟ್ಟಿಯಾಗಿ ಇಸಿದುಕೊಳ್ಳುವವನಂತೂ ಅಲ್ಲವೇ ಅಲ್ಲ. "ಬಿಟ್ಟಿ ಅನ್ನೋದು ಸಾಲದ ಚಿಕ್ಕಪ್ಪ" ಅನ್ನುತ್ತಿದ್ದ.

ಚಿಕ್ಕವನು ಇದಕ್ಕೆ ಪೂರ್ತಿ ಉಲ್ಟಾ. ಸಿಕ್ಕಿದ್ದೆಲ್ಲ ಇಸಿದುಕೊಂಡು, ಇದ್ದದ್ದೆಲ್ಲ ಕೊಟ್ಟು, ಅಣ್ಣ ಬೈದರೆ ಹಲ್ಲು ಕಿರಿದು ತಿರುಗುತ್ತಿದ್ದ ಹುಡುಗ. ಇಪ್ಪತ್ತೆರಡು ವರ್ಷ. ನಾಲ್ಕು ತಿಂಗಳ ಹಿಂದೆ ಒಂದು ದೊಡ್ಡ ಗೋಡೌನಿನ ಚಾವಣಿ ಸೋರುತ್ತದೆ ಅಂತ ಶೀಟು ಬದಲಾಯಿಸುವ ಕೆಲಸಕ್ಕೆ ಹೋಗಿದ್ದ. ತಗಡಿನ ಶೀಟುಗಳ ನಡುವೆ ಬೆಳಕಿಗೆ ಅಂತ ಅಲ್ಲಲ್ಲಿ ಫೈಬರ್ ಶೀಟು ಹಾಕಿರುತ್ತಾರೆ, ಅದು ಆಳಿನ ಭಾರ ತಡೆಯದು. ವರ್ಷಗಟ್ಟಲೆ ಧೂಳು ಕೂತರೆ ಯಾವುದು ತಗಡು, ಯಾವುದು ಫೈಬರ್ ಅಂತ ಗೊತ್ತಾಗುವುದಿಲ್ಲ. ಕಾಲಿಟ್ಟ. ಕೆಳಗೆ ನಲವತ್ತಡಿ, ಸಿಮೆಂಟು ನೆಲ.

ಹದಿನೈದು ದಿನಕ್ಕೆ ಕಂಪನಿಯಿಂದ ಒಂದು ಕಾಗದ ಬಂತು. ಸುರಕ್ಷತಾ ಬೆಲ್ಟು ಕೊಟ್ಟಿದ್ದೆವು, ಹಾಕಿಕೊಂಡಿರಲಿಲ್ಲ, ಸಾವಿಗೆ ಕಾರ್ಮಿಕನ ಸ್ವಂತ ಅಜಾಗರೂಕತೆ ಕಾರಣ. ಅಮ್ಮನಿಗೆ ಓದು ಬರದು. ಪಕ್ಕದ ಮನೆಯಾಕೆಯಿಂದ ಮೂರು ಸಲ ಓದಿಸಿಕೊಂಡಳು.

"ಅಂದ್ರೆ ಅವನದೇ ತಪ್ಪು ಅಂತಾನಾ?"

"ಹಾಗಂತ ಅವರು ಬರ್ದಿದ್ದಾರೆ."

"ದುಡ್ಡು ಬೇಡ ನನಗೆ," ಅಂದಳು ಅಮ್ಮ, ದೊಡ್ಡವನ ಕಡೆ ತಿರುಗಿ. "ಆ ಮಾತು ತೆಗೆಸು. ನನ್ನ ಮಗ ತನ್ನ ತಪ್ಪಿನಿಂದ ಸತ್ತ ಅಂತ ಯಾವ ಕಾಗದದಲ್ಲೂ ಇರಬಾರದು. ಅಷ್ಟು ಮಾಡು."

ಅಷ್ಟು ಮಾಡಲಿಕ್ಕೇ ಅವನು ಬಂದಿದ್ದ. ಸರ್ಕಾರದ ಕಡೆಯಿಂದ ಸಾವಿನ ವಿಚಾರಣೆ ನಿಗದಿಯಾಗಿತ್ತು. ಮನೆಯವರು ವಕೀಲರನ್ನು ಇಟ್ಟುಕೊಳ್ಳಬಹುದು, ಇಲ್ಲವೇ ತಾವೇ ನಿಂತು ಸಾಕ್ಷಿಗಳಿಗೆ ಪ್ರಶ್ನೆ ಕೇಳಬಹುದು ಅಂತ ನೋಟಿಸಿನಲ್ಲಿತ್ತು.

ಒಳಕೋಣೆಯಲ್ಲಿ ಬ್ಯಾರಿಸ್ಟರಮ್ಮ ದಾರ ಕಟ್ಟಿದ ಫೈಲುಗಳ ಮಧ್ಯೆ ಕೂತಿದ್ದರು. ಐವತ್ತು ದಾಟಿದ ಹೆಂಗಸು. ಕಾಲು ನೋವಿರಬೇಕು, ಮೇಜಿನ ಕೆಳಗೆ ಒಂದು ಸಣ್ಣ ಸ್ಟೂಲಿನ ಮೇಲೆ ಪಾದ ಇಟ್ಟಿದ್ದರು. ನೋಟಿಸಿನ ಜೊತೆ ಬಂದಿದ್ದ, ವಾರದ ಹಿಂದೆ ಅವನು ಓದದೆ ಹಾಗೇ ಕೊಟ್ಟುಹೋಗಿದ್ದ ಪೊಲೀಸರ ಕಾಗದದ ಕಟ್ಟು ಅವರ ಮುಂದಿತ್ತು. ಅದರ ತುಂಬ ಹಳದಿ ಚೀಟಿ.

"ಪೂರ್ತಿ ನನಗೆ ಕೊಟ್ರೆ ಅವತ್ತು ನಾನೇ ಬಂದು ಕೇಳ್ತೀನಿ," ಅಂದರು.

"ಅಷ್ಟು ಇಲ್ಲ ಮೇಡಂ ನನ್ನ ಹತ್ರ."

"ಕಂತು ಕಟ್ಟಿ. ಬಡ್ಡಿ ಗಿಡ್ಡಿ ಏನಿಲ್ಲ."

"ಟಿವಿಗೆ ಕಂತು ಕಟ್ಟಿದ್ದೀನಿ. ತಮ್ಮನಿಗೆ ಕಟ್ಟಲ್ಲ."

"ಸರಿ. ಪರಿಹಾರ ಬಂದ ಮೇಲೆ ಅದರಲ್ಲಿ ಕೊಡಿ. ಬರದಿದ್ರೆ ಬೇಡ."

ಪಟಾಕಿಗೆ ಕಡ್ಡಿ ತಗುಲಿತು. "ಅಂದ್ರೆ ಅವನ ಹೆಣದಲ್ಲಿ ನಿಮಗೂ ಒಂದು ಪಾಲು?"

ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಗುಮಾಸ್ತ ಹಾಗೇ ಹಿಂದಕ್ಕೆ ಹೋದ. ಬ್ಯಾರಿಸ್ಟರಮ್ಮ ಕೋಪಿಸಿಕೊಳ್ಳಲಿಲ್ಲ. ಇಂಥ ಮಾತು ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟಿತ್ತೋ ಏನೋ. "ಕೆಲವರಿಗೆ ಹಾಗೆ ಅನುಕೂಲ ಆಗುತ್ತೆ, ಅದಕ್ಕೆ ಹೇಳಿದೆ," ಅಂದರು. "ನಿಮಗೆ ಹೇಗೆ ಬೇಕು ಅಂತ ನೀವೇ ಹೇಳಿ."

"ಒಂದು ಗಂಟೆ. ಏನು ಕೇಳ್ಬೇಕು ಅಂತ ಬರ್ದು ಕೊಡಿ, ಹೇಗೆ ಕೇಳ್ಬೇಕು ಅಂತ ಹೇಳ್ಕೊಡಿ. ನಿಂತ್ಕೊಂಡು ಕೇಳೋದು ನನ್ನ ಕೆಲಸ." ಜೇಬಿನಿಂದ ನೋಟುಗಳನ್ನು ತೆಗೆದು ಎಣಿಸದೆ ಮೇಜಿನ ಮೇಲಿಟ್ಟ. ಮನೆಯಲ್ಲೇ ಎಣಿಸಿ ತಂದಿದ್ದ.

ಬಾಗಿಲ ಮೇಲೊಂದು ಗಡಿಯಾರವಿತ್ತು. ಹತ್ತೂಕಾಲು. ಅದನ್ನವನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

ಬ್ಯಾರಿಸ್ಟರಮ್ಮ ಒಳ್ಳೆಯ ಕೆಲಸಗಾರ್ತಿ. ಅದನ್ನವನು ಒಪ್ಪಲೇಬೇಕಾಯಿತು. ಕಟ್ಟಿನಲ್ಲಿದ್ದ ನೂರೆಂಟು ಕಾಗದವನ್ನು ಅರೆದು ಕುಡಿದಿದ್ದರು. ಒಂದು ಬಿಳಿ ಹಾಳೆಯಲ್ಲಿ, ಅವನು ದೂರದಿಂದಲೂ ಓದುವಷ್ಟು ದಪ್ಪ ಅಕ್ಷರದಲ್ಲಿ, ನಾಲ್ಕು ಪ್ರಶ್ನೆ ಬರೆದರು. ಅಕ್ಷರ ದಪ್ಪ ಯಾಕೆ ಅಂತ ಅವರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ನಾಲ್ಕೂ ಕೆಲಸದ ಮೇಸ್ತ್ರಿಗೆ ಕೇಳಬೇಕಾದವು. ನಾಲ್ಕನೆಯದರ ಕೆಳಗೆ ಸ್ಕೇಲಿಟ್ಟು ಒಂದು ಗೆರೆ ಎಳೆದರು. ಗೆರೆಯ ಕೆಳಗೆ ಬರೆದರು: ಕೂತುಕೊಳ್ಳಿ.

"ಇದೂ ಪ್ರಶ್ನೆನಾ?"

"ಇದೇ ಎಲ್ಲಕ್ಕಿಂತ ಮುಖ್ಯ. ಕಬ್ಬಿಣ ಕೂಡಿಕೊಂಡ ಮೇಲೂ ಬೆಂಕಿ ಹಿಡ್ಕೊಂಡೇ ಇದ್ರೆ ಏನಾಗುತ್ತೆ ನಿಮ್ಮಲ್ಲಿ?"

"ತೂತು ಬೀಳುತ್ತೆ."

"ಇಲ್ಲೂ ಅಷ್ಟೇ. ನಾಲ್ಕಕ್ಕೆ ನಮ್ಮ ಕೆಲಸ ಮುಗೀತು. ಬೆಲ್ಟಿನ ಕೊಂಡಿ ಹಾಕೋಕೆ ಚಾವಣಿ ಮೇಲೆ ಹಗ್ಗಾನೇ ಕಟ್ಟಿರಲಿಲ್ಲ. ಇಷ್ಟು ಮೇಸ್ತ್ರಿ ಬಾಯಲ್ಲಿ ಬಂದ್ರೆ ಸಾಕು, ತಪ್ಪು ಕಂಪನಿದು. ಆಮೇಲೆ ಯಾರು ಕಳಿಸಿದ್ರು, ಯಾಕೆ ಹೋದ ಅಂತ ಕೇಳೋಕೆ ಹೋಗಬೇಡಿ."

"ಯಾಕೆ ಕೇಳಬಾರದು? ನನಗೆ ಬೇಕಾಗಿರೋದೇ ಅದು."

ಬ್ಯಾರಿಸ್ಟರಮ್ಮ ಒಂದು ಹಳದಿ ಚೀಟಿಯ ಹತ್ತಿರ ಕಟ್ಟು ಬಿಡಿಸಿ, ಅಂಗೈಯನ್ನು ಹಾಳೆಯ ಮೇಲೆ ಒತ್ತಿ ಹಿಡಿದುಕೊಂಡರು. "ಮೇಸ್ತ್ರಿ ಪೊಲೀಸರ ಮುಂದೆ ಹೇಳಿರೋದು ಇಲ್ಲಿದೆ. ಇದರಲ್ಲಿ ಒಂದು ಮಾತಿದೆ. ಅದನ್ನ ನೀವು ಅಷ್ಟು ಜನರ ಮುಂದೆ ಮೊದಲ ಸಲ ಕೇಳೋ ಹಾಗೆ ಆಗಬಾರದು. ಈಗ ಇಲ್ಲೇ..."

ದೊಡ್ಡವನು ಗಡಿಯಾರ ನೋಡಿದ. ಹನ್ನೊಂದೂಕಾಲು. ಎದ್ದುಬಿಟ್ಟ.

"ಕೂತ್ಕೊಳ್ಳಿ, ಐದು ನಿಮಿಷ. ಇದಕ್ಕೆ ದುಡ್ಡಿಲ್ಲ."

"ಬಿಟ್ಟಿ ಬೇಡ ಮೇಡಂ. ಗಂಟೆ ಮುಗೀತು."

"ರೀ, ಐದು ನಿಮಿಷ ಕಣ್ರೀ! ಅದೂ ಬೇಡ ಅಂದ್ರೆ ಇನ್ನೊಂದು ಗಂಟೆ ಅಂತ ಬರ್ಕೊಳ್ಳೋಣ, ಯಾವಾಗಾದ್ರೂ ಕೊಡಿ."

ಆ ಮಾತೇ ಕೆಲಸ ಕೆಡಿಸಿತು. ಗಾಡಿ ಬಿಚ್ಚಿ ಹಾಕಿದ ಮೇಲೆ ಇನ್ನೊಂದು ರಿಪೇರಿ ಇದೆ ಅನ್ನುವ ಮೆಕ್ಯಾನಿಕ್‌ಗಳನ್ನು ಅವನು ಬೇಕಾದಷ್ಟು ನೋಡಿದ್ದ. ಓದಿದವರ ಅಂಗಡಿಯೂ ಇಷ್ಟೇ ಅಂದುಕೊಂಡ. ಹಾಳೆ ಮಡಿಸಿ ಜೇಬಿಗಿಟ್ಟು ಹೊರಟ. ಬಾಗಿಲು ದಾಟುವಾಗ ಹಿಂದಿನಿಂದ ಅವರ ದನಿ ಕೇಳಿಸಿತು. "ನಾಲ್ಕರ ಆಚೆ ಹೋಗಬೇಡಿ!" ಆಮೇಲೆ ಎರಡು ದಿನ ಗುಮಾಸ್ತ ಫೋನ್ ಮಾಡಿದ. ಇವನು ಎತ್ತಲಿಲ್ಲ. ಎತ್ತಿದರೆ ಅದಕ್ಕೂ ಗಂಟೆ ಓಡುತ್ತದೆ ಅಂತ ಅವನ ಎಣಿಕೆ.

ವಿಚಾರಣೆಯ ಹಾಲ್ ಮೂರನೇ ಮಹಡಿಯಲ್ಲಿತ್ತು. ಅಮ್ಮ ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದಳು. ಚಿಕ್ಕವನು ಮೊದಲ ಸಂಬಳದಲ್ಲಿ ತಂದುಕೊಟ್ಟಿದ್ದ ಸ್ವೆಟರನ್ನು ಆ ಸೆಕೆಯಲ್ಲೂ ಹಾಕಿಕೊಂಡು ಬಂದಿದ್ದಳು. ಉದ್ದ ಮೇಜು, ಮುಚ್ಚಳವಿಟ್ಟ ನೀರಿನ ಲೋಟ, ಟೈಪು ಮಾಡುವ ಹೆಂಗಸು, ಮಧ್ಯದಲ್ಲಿ ವಿಚಾರಣಾಧಿಕಾರಿ. ಕಂಪನಿಯ ವಕೀಲ ಮಡಿಲಲ್ಲಿ ಫೋನಿಟ್ಟುಕೊಂಡು ಏನೋ ಓದುತ್ತಿದ್ದ. ಮೇಸ್ತ್ರಿ ಸಾಕ್ಷಿಯ ಕುರ್ಚಿಯ ತುದಿಯಲ್ಲಿ ಕೂತಿದ್ದ, ಯಾವ ಗಳಿಗೆಯಲ್ಲೂ ಎದ್ದು ಹೋಗುವವನ ಹಾಗೆ. ಬೆಳಗ್ಗೆಯಿಂದ ಅವನು ಅಮ್ಮನ ಕಡೆ ಒಂದು ಸಲವೂ ನೋಡಿರಲಿಲ್ಲ.

ದೊಡ್ಡವನ ಸರದಿ ಬಂತು. ಹಾಳೆ ಬಿಡಿಸಿದ.

"ಅವತ್ತು ಚಾವಣಿ ಮೇಲೆ ಎಷ್ಟು ಜನ ಇದ್ರಿ?"

"ನಾಲ್ಕು ಜನ."

"ಬೆಲ್ಟು ಎಷ್ಟಿತ್ತು?"

"ನಾಲ್ಕು. ಎಲ್ಲರಿಗೂ ಕೊಟ್ಟಿದ್ರು."

ಕಂಪನಿಯ ವಕೀಲ ತಲೆ ಎತ್ತಿ ಒಂದು ಸಣ್ಣ ನಗೆ ನಕ್ಕ. ದೊಡ್ಡವನು ಮುಂದಕ್ಕೆ ಓದಿದ.

"ಬೆಲ್ಟಿನ ಕೊಂಡಿ ಹಾಕೋಕೆ ಮೇಲೆ ಹಗ್ಗ ಕಟ್ಟಿತ್ತಾ?"

ಮೇಸ್ತ್ರಿ ತನ್ನ ಮೊಣಕಾಲು ನೋಡಿಕೊಂಡ. "ಇಲ್ಲ. ಕೇಳಿದ್ವಿ. ನಾಳೆ ಬರುತ್ತೆ ಅಂದಿದ್ರು."

"ಹಗ್ಗ ಇಲ್ಲದೆ ಬೆಲ್ಟು ಹಾಕ್ಕೊಂಡ್ರೆ ಏನು ಉಪಯೋಗ?"

"ಏನೂ ಇಲ್ಲ. ಸೊಂಟಕ್ಕೆ ಭಾರ, ಅಷ್ಟೇ."

ವಕೀಲನ ನಗೆ ಇಂಗಿತು. ವಿಚಾರಣಾಧಿಕಾರಿ ಪೆನ್ನು ಕೈಗೆತ್ತಿಕೊಂಡು ತಾನೇ ಏನನ್ನೋ ಬರೆದುಕೊಂಡ, ಬರೆದದ್ದರ ಕೆಳಗೆ ಗೆರೆ ಎಳೆದ. ಹಿಂದಿನ ಸಾಲಿನಲ್ಲಿ ಅಮ್ಮ ಉಸಿರು ಬಿಟ್ಟದ್ದು ದೊಡ್ಡವನಿಗೆ ಕೇಳಿಸಿತು. ನಾಲ್ಕು ತಿಂಗಳಿಂದ ಹಿಡಿದಿಟ್ಟ ಉಸಿರು ಅದು. ಕೆಲಸ ಮುಗಿದಿತ್ತು. ಇನ್ನು ಅವನು ಮಾಡಬೇಕಾಗಿದ್ದದ್ದು ಒಂದೇ, ಮಂಡಿ ಮಡಚಿ ಕೂರುವುದು.

ಆದರೆ ಮೇಸ್ತ್ರಿ ಅವನ ಮುಖ ನೋಡುತ್ತಿರಲಿಲ್ಲ. ಗೋಡೆ ನೋಡಿದ, ಫ್ಯಾನು ನೋಡಿದ, ನೀರಿನ ಲೋಟ ನೋಡಿದ, ಇವನೊಬ್ಬನನ್ನು ಬಿಟ್ಟು ಎಲ್ಲವನ್ನೂ ನೋಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದುಕೊಂಡ ದೊಡ್ಡವನು. ನಾಲ್ಕು ತಿಂಗಳು ಹಗಲಿಡೀ ಕಬ್ಬಿಣದ ಮೇಲೆ ಕಾರಿದ ಸಿಟ್ಟೆಲ್ಲ ಈಗ ಒಟ್ಟಿಗೆ ಬಂದು ನಿಂತಿತ್ತು. ಅದಕ್ಕೊಂದು ಮುಖ ಬೇಕಾಗಿತ್ತು. ಮುಖ ಎದುರಿಗೇ ಇತ್ತು.

"ನನ್ನ ಕಡೆ ನೋಡು," ಅಂದ. "ಯಾಕೆ ಮುಖ ತಪ್ಪಿಸ್ತೀಯ? ಅವನನ್ನ ಆ ಶೀಟಿನ ಮೇಲೆ ಕಳಿಸಿದ್ದು ಯಾರು? ನೀನೇ ತಾನೆ?"

"ಬೇಡ ಬಿಡಪ್ಪ," ಅಂದ ಮೇಸ್ತ್ರಿ ಮೆತ್ತಗೆ.

"ಬೇಡ ಅಂದ್ರೆ? ಬೊಗಳು! ಯಾರು ಕಳಿಸಿದ್ದು?"

ವಿಚಾರಣಾಧಿಕಾರಿ ಮೇಜು ತಟ್ಟಿದ. "ಮಾತು ಮರ್ಯಾದೆಯಿಂದ ಇರಲಿ. ಆದರೆ ಪ್ರಶ್ನೆ ಕೇಳಿ ಆಗಿದೆ. ಸಾಕ್ಷಿ ಉತ್ತರ ಕೊಡಬೇಕು."

ಮೇಸ್ತ್ರಿ ಆಗ ಮೊದಲ ಸಲ ಅಮ್ಮನ ಕಡೆ ನೋಡಿದ. ಆಮೇಲೆ ಹೇಳಿದ.

"ಯಾರೂ ಕಳಿಸ್ಲಿಲ್ಲ ಸಾರ್. ಹನ್ನೊಂದರ ಟೀ ಬಿಡುವು. ನಾವು ನಾಲ್ಕೂ ಜನ ಏಣಿ ಹತ್ರ ಗಟ್ಟಿ ಜಾಗದಲ್ಲಿ ಕೂತಿದ್ವಿ. ಇವನ ಫೋನು ಹೊಡ್ಕೊಳ್ತು. ಅಲ್ಲಿ ಸಿಗ್ನಲ್ ಸರಿಯಾಗಿ ಸಿಗ್ತಿರಲಿಲ್ಲ, ಹಲೋ ಅನ್ನೋದ್ರೊಳಗೆ ಕಟ್ಟಾಯ್ತು. ಮತ್ತೆ ಬಂತು, ಮತ್ತೆ ಕಟ್ಟಾಯ್ತು. 'ನಮ್ಮಣ್ಣ ಕಣ್ರೋ. ಎತ್ತದಿದ್ರೆ ಮನೇಲಿ ತಾಂಡವ' ಅಂತ ನಗ್ತಾ ಎದ್ದ. ಫೋನನ್ನ ಹೀಗೆ ಮೇಲಕ್ಕೆ ಹಿಡ್ಕೊಂಡು, ಅದನ್ನೇ ನೋಡ್ತಾ ಆ ಕಡೆ ಹೋದ. ಕಾಲ ಕೆಳಗೆ ನೋಡ್ಲಿಲ್ಲ. ನಾನು ಕೂಗಿದೆ. ನಿಜವಾಗ್ಲೂ ಕೂಗಿದೆ ಸಾರ್."

ಟೈಪು ಮಾಡುವ ಹೆಂಗಸಿನ ಬೆರಳು ಕೊನೆಯ ಮಾತನ್ನು ಹೊಡೆದು ನಿಂತಿತು.

ದೊಡ್ಡವನಿಗೆ ಇದು ಗೊತ್ತಿರಲಿಲ್ಲ ಅಂದರೆ ಸುಳ್ಳು. ಗೊತ್ತಿತ್ತು ಅಂದರೂ ಸುಳ್ಳು. ಆ ದಿನ ಹನ್ನೊಂದರ ಸುಮಾರಿಗೆ ನಾಲ್ಕು ಸಲ ಫೋನ್ ಮಾಡಿದ್ದು ಗೊತ್ತಿತ್ತು. ತಮ್ಮ ಬಿದ್ದದ್ದು ಹನ್ನೊಂದರ ಸುಮಾರಿಗೆ ಅನ್ನುವುದೂ ಗೊತ್ತಿತ್ತು. ಈ ಎರಡನ್ನು ನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನಾಲ್ಕನೇ ಸಲ ಗಂಟೆ ಹೊಡೆದು ಹೊಡೆದು ನಿಂತಾಗ "ಸೋಮಾರಿ ನನ್ಮಗ" ಅಂತ ಬೈದು ಫೋನ್ ಜೇಬಿಗೆ ಹಾಕಿ ಮುಖವಾಡ ಇಳಿಸಿಕೊಂಡು ಬೆಸುಗೆಗೆ ಕೂತಿದ್ದ.

ಇನ್ನೊಂದು ಸಂಗತಿ ಇತ್ತು. ಅದು ಇವನೊಬ್ಬನಿಗೇ ಗೊತ್ತು. ಆ ಬೆಳಗ್ಗೆ ಅಮ್ಮ ಶೆಡ್ಡಿಗೆ ಫೋನ್ ಮಾಡಿದ್ದಳು. ಬಿ.ಪಿ. ಮಾತ್ರೆ ಮುಗಿದಿದೆ, ಚಿಕ್ಕವನು ಬರುವ ದಾರಿಯಲ್ಲಿ ಔಷಧಿ ಅಂಗಡಿ ಇದೆ, ತರಲಿಕ್ಕೆ ಹೇಳು. "ನಾನು ಮಾಡಿದ್ರೆ ಅವನು ಎತ್ತಲ್ಲ ಕಣೋ. ನಿನಗಾದ್ರೆ ಹೆದರ್ತಾನೆ. ಎತ್ತೋವರೆಗೂ ಬಿಡಬೇಡ." ಹ್ಞೂಂ, ಹೇಳ್ತೀನಿ, ಇಡು ಅಂದಿದ್ದ. ಅಮ್ಮನಿಗೆ ಅದು ನೆನಪಿಲ್ಲ. ಆ ದಿನದ್ದು ಅಂತ ಅವಳ ತಲೆಯಲ್ಲಿ ಉಳಿದಿರುವುದು ಬಾಗಿಲಲ್ಲಿ ಟೋಪಿ ತೆಗೆದು ನಿಂತ ಇಬ್ಬರು ಪೊಲೀಸರು ಮಾತ್ರ. ಅದರ ಹಿಂದಿನದೆಲ್ಲ ಅಳಿಸಿ ಹೋಗಿತ್ತು.

ಕಂಪನಿಯ ವಕೀಲ ಎದ್ದು ನಿಂತಾಗಿತ್ತು. ಪೊಲೀಸರ ಕಟ್ಟಿನಲ್ಲಿದ್ದ ಆ ಹಾಳೆಯನ್ನು ಅಲ್ಲಿಯವರೆಗೆ ಅವನು ಓದಿಯೇ ಇರಲಿಲ್ಲವೋ, ಓದಿಯೂ ಅದರ ಬೆಲೆ ತಿಳಿದಿರಲಿಲ್ಲವೋ. ಈಗ ತಿಳಿಯಿತು. ದೊಡ್ಡವನೇ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದ.

"ಅಂದರೆ ಆಗ ಅವನು ಕೆಲಸದಲ್ಲಿ ಇರಲಿಲ್ಲ?"

"ಇಲ್ಲ ಸಾರ್. ಬಿಡುವು."

"ಗಟ್ಟಿ ಜಾಗ ಬಿಟ್ಟು ಹೋದದ್ದು ತನ್ನ ಸ್ವಂತ ಫೋನಿಗೋಸ್ಕರ?"

"ಹೌದು ಸಾರ್."

"ಅಷ್ಟೇ. ನನ್ನ ಪ್ರಶ್ನೆ ಮುಗಿಯಿತು." ಅವನು ಕೂತ. ಅವನಿಗೆ ಕೂರಲಿಕ್ಕೆ ಬರುತ್ತಿತ್ತು.

ಅರ್ಧ ಗಂಟೆ ಬಿಟ್ಟು ವಿಚಾರಣಾಧಿಕಾರಿ ತೀರ್ಮಾನ ಓದಿದ. ಹಗ್ಗ ಕಟ್ಟದಿದ್ದದ್ದು ಕಂಪನಿಯ ಲೋಪ, ದಾಖಲಿಸಲಾಗಿದೆ. ಆದರೆ ಮೃತನು ಆ ಹೊತ್ತಿನಲ್ಲಿ ಕೆಲಸದ ಮೇಲೆ ಇರಲಿಲ್ಲ. ಸುರಕ್ಷಿತ ಜಾಗದಿಂದ ಸ್ವಂತ ಕಾರಣಕ್ಕೆ ಎದ್ದು, ಮುಂದೆ ನೋಡದೆ ನಡೆದ. ಆದ್ದರಿಂದ ಸಾವಿಗೆ ಮುಖ್ಯ ಕಾರಣ, ಸ್ವಂತ ಅಜಾಗರೂಕತೆ. ಅಮ್ಮ ತೆಗೆಸು ಅಂದಿದ್ದ ಮಾತು ಅಲ್ಲಿಯವರೆಗೆ ಕಂಪನಿಯ ಕಾಗದದಲ್ಲಿ ಮಾತ್ರ ಇತ್ತು. ಈಗ ಸರ್ಕಾರದ ಕಾಗದಕ್ಕೂ ಏರಿತು, ಮೊಹರಿನ ಸಮೇತ.

ಹೊರಗೆ ಕಾರಿಡಾರಿನಲ್ಲಿ ಮೇಸ್ತ್ರಿ ಬಂದು ಎದುರು ನಿಂತ. "ನಾನು ಹೇಳಬಾರದು ಅಂತಲೇ ಇದ್ದೆ," ಅಂದ. "ಆ ಹುಡುಗನಿಗೆ ನಾನೇ ಕೆಲಸ ಕಲಿಸಿದ್ದು." ದೊಡ್ಡವನ ಬೈಗುಳಕ್ಕೆ ಕಾದವನ ಹಾಗೆ ನಿಂತಿದ್ದು, ಮೆಟ್ಟಿಲು ಇಳಿದು ಹೋದ.

ಅಮ್ಮ ಗೋಡೆಗೆ ಒರಗಿಸಿದ ಮರದ ಬೆಂಚಿನ ಮೇಲೆ ಕೂತಿದ್ದಳು. ಸ್ವೆಟರಿನ ಗುಂಡಿಗಳನ್ನು ಬಿಚ್ಚುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಅಳುತ್ತಿರಲಿಲ್ಲ. ಇವನು ಪಕ್ಕದಲ್ಲಿ ಕೂತ.

"ಏನಕ್ಕೆ ಮಾಡಿದ್ದೆ ಫೋನು?"

ಅವನು ಪ್ರಶ್ನೆಯ ಹಾಳೆಯನ್ನು ಇನ್ನೊಂದು ಮಡಿಕೆ ಮಡಿಸಿದ.

"ನಿನ್ನನ್ನೇ ಕೇಳ್ತಿರೋದು ದೊಡ್ಡೋನೇ. ಬಿಡದೆ ಅಷ್ಟು ಸಲ ಏನಕ್ಕೆ ಮಾಡ್ತಿದ್ದೆ?"

ಅವಳ ಹಣೆಯಲ್ಲಿ ಒಂದು ಗೆರೆ ಮೂಡಿತು. ಮುಚ್ಚಿದ ಡಬ್ಬಿಯೊಂದರೊಳಗೆ ಏನೋ ಅಲುಗಿದ ಹಾಗೆ ತಲೆಯನ್ನು ಸ್ವಲ್ಪ ವಾಲಿಸಿದಳು. "ಅವತ್ತು... ನಾನೇನಾದ್ರೂ ಹೇಳಿದ್ನಾ ನಿನಗೆ?"

ಹೌದು ಅಂದರೆ ಸಾಕಿತ್ತು. ಅವನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯುತ್ತಿತ್ತು. ಇಳಿದದ್ದು ಎಲ್ಲಿ ಹೋಗಿ ಕೂರುತ್ತದೆ ಅನ್ನುವುದೂ ಅವನಿಗೆ ಕಾಣುತ್ತಿತ್ತು.

"ಇಲ್ಲ," ಅಂದ. "ನೀನೇನೂ ಹೇಳಿಲ್ಲ."

"ಮತ್ತೆ?"

"ಬೈಯೋಕೆ ಮಾಡಿದ್ದೆ. ನನ್ನ ಹೊಸ ಶೂ ಹಾಕ್ಕೊಂಡು ಹೋಗಿದ್ದ."

"ಶೂ."

"ಹ್ಞೂಂ."

"ಒಂದು ಜೊತೆ ಶೂಗೆ ಅಷ್ಟು ಸಲ ಮಾಡಿದ್ಯಾ?"

"ಕೋಪ ಬಂದಿತ್ತಮ್ಮ."

ಅಮ್ಮ ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆ ಹಣೆಯ ಗೆರೆ ಮೆಲ್ಲಗೆ ಬಿಡಿಸಿಕೊಂಡಿತು. ಮಗ ಹೇಳಿದ್ದು ಅವಳಿಗೆ ಸರಿಯಾಗಿ ಹೊಂದಿಕೊಂಡಿತು. ಅವನ ಬುದ್ಧಿ ಅವಳು ಕಾಣದ್ದೇ? ಮೂರು ವರ್ಷದವನಿದ್ದಾಗ ಗೊಂಬೆ ಮುಟ್ಟಿದ ಅಂತ ತೊಟ್ಟಿಲಲ್ಲಿದ್ದ ತಮ್ಮನಿಗೆ ಹೊಡೆದವನು.

"ಹಾಳಾದ್ದು ನಿನ್ನ ಕೋಪ," ಅಂದಳು. ದನಿ ಏರಿಸಲಿಲ್ಲ. "ಒಳಗೂ ಅದೇ ಕೋಪ. ಅವರು ಬರೀತಿದ್ರಲ್ಲೋ, ಒಳ್ಳೇದು ಬರೀತಿದ್ರು, ನಾನು ನೋಡ್ತಿದ್ದೆ. ಬಾಯಿ ಮುಚ್ಕೊಂಡು ಕೂರೋಕೆ ಏನಾಗಿತ್ತು ನಿನಗೆ? ಮೊದಲು ಕೊಂದೆ. ಆಮೇಲೆ ತಪ್ಪನ್ನೂ ಅವನ ತಲೆಗೇ ಕಟ್ಟಿದೆ."

ಹುಟ್ಟಿದಾಗಿನಿಂದ ಯಾರ ಮಾತನ್ನೂ ನೆಲಕ್ಕೆ ಬೀಳಲು ಬಿಟ್ಟವನಲ್ಲ. ಇವತ್ತು ಅಮ್ಮನ ಒಂದೊಂದು ಮಾತನ್ನೂ ಬೀಳುವಲ್ಲಿ ಬೀಳಲಿ ಅಂತ ಬಿಟ್ಟ.

ಮೆಟ್ಟಿಲು ಇಳಿಯುವಾಗ ಕೈ ನೀಡಿದ. ಅಮ್ಮ ಪಕ್ಕದ ಕಂಬಿ ಹಿಡಿದುಕೊಂಡಳು. ಬಸ್ಸಿನಲ್ಲಿ ಇಬ್ಬರು ಕೂರುವ ಒಂದು ಸೀಟು ಖಾಲಿಯಿತ್ತು. ಅವಳು ಅದನ್ನು ದಾಟಿ ಹೋಗಿ, ಮುಂದೆ ಯಾರೋ ಹೆಂಗಸಿನ ಪಕ್ಕದಲ್ಲಿ ಕೂತಳು. ಅವನು ಮೇಲಿನ ಕಂಬಿ ಹಿಡಿದು ಹಿಂದೆ ನಿಂತ. ಕಂಡಕ್ಟರ್ ಬಂದು ಒಮ್ಮೆ ಅವಳನ್ನು ನೋಡಿದ, ಒಮ್ಮೆ ಅವಳ ಮೇಲೇ ಕಣ್ಣಿಟ್ಟು ನಿಂತಿದ್ದ ಇವನನ್ನು ನೋಡಿದ.

"ಇಬ್ಬರೂ ಒಟ್ಟಿಗಾ ಅಮ್ಮಾ?"

"ಅಲ್ಲ," ಅಂದಳು ಅಮ್ಮ, ಕೈಚೀಲದಲ್ಲಿ ಚಿಲ್ಲರೆ ಹುಡುಕುತ್ತ. "ನನಗೊಂದು ಕೊಡಪ್ಪ."